ಹೋರಿ ಜತೆ ಹುಟ್ಟಿದ ಕಡಸು: ನಷ್ಟ ಯಾರ ಲೆಕ್ಕಕ್ಕೆ?

(ಶಿವಮೊಗ್ಗ ನಗರದ ರಾಗಿಗುಡ್ಡದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆ ಮತ್ತು ಸಾಲದ ವಿಷಯ ಮಾತಾಡೋಕೆ ಸೇರಿದ ಸಭೆಯಲ್ಲಿ ಈ ಮನುಷ್ಯ ಕರುವಿನ ಪುರಾಣ ತೆಗೀತಾನಲ್ಲ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಾನು ಹೇಳಹೊರಟಿರುವುದು ಸಾಲದ ವಿಷಯವನ್ನೇ. ಬ್ಯಾಂಕಿನ ಬಾಗಿಲಲ್ಲಿ ಹುಟ್ಟೋ ಸಾಲ ನಮಗೆಲ್ಲ ಗೊತ್ತು. ಕೊಟ್ಟಿಗೆಯಲ್ಲಿ ಹುಟ್ಟೋ ಸಾಲವೂ ಒಂದಿದೆ. ಅದಕ್ಕೆ ಕಾಗದವಿಲ್ಲ, ಸಹಿ ಇಲ್ಲ, ಜಾಮೀನಿಲ್ಲ. ದಿನಕ್ಕೆ ಎರಡು ಸಲ ನಾವೇ ಅದಕ್ಕೆ ಬೂಸ ಹಿಂಡಿ ಕಲಸಿ ಇಟ್ಟು ಬೆಳೆಸುತ್ತೇವೆ.

ಹಸು ಅವಳಿ ಕರು ಹಾಕಿತು ಅಂದರೆ ಮನೆಯಲ್ಲಿ ಸಂಭ್ರಮ. ಊರವರೆಲ್ಲ ನೋಡೋಕೆ ಬರುತ್ತಾರೆ. ಒಂದು ಹೋರಿಗರು, ಒಂದು ಹೆಣ್ಣುಗರು ಆದರಂತೂ ಅದೃಷ್ಟ ಅಂತಾರೆ. ಹೋರಿ ಹೋದರೂ ಕಡಸು ಉಳೀತು, ಎರಡೂವರೆ ವರ್ಷಕ್ಕೆ ಕರೆಯೋಕೆ ಬರುತ್ತೆ ಅನ್ನೋ ಲೆಕ್ಕ. ಈ ಲೆಕ್ಕವೇ ತಪ್ಪು. ದನಗಳಲ್ಲಿ ಹೋರಿಗರುವಿನ ಜತೆ ಒಂದೇ ಬಸಿರಲ್ಲಿ ಬೆಳೆದು ಹುಟ್ಟಿದ ಹೆಣ್ಣುಗರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಗೊಡ್ಡು. ಬೆಳೆದ ಮೇಲೆ ಗೊಡ್ಡಾಗುವುದಲ್ಲ, ಹುಟ್ಟುವಾಗಲೇ ಗೊಡ್ಡು. ಅದಕ್ಕೆ ಔಷಧಿ ಇಲ್ಲ, ಹರಕೆ ಇಲ್ಲ, ಇಂಜೆಕ್ಷನ್ ಇಲ್ಲ. ಇಂಗ್ಲಿಷಿನವರು ಇಂಥ ಕಡಸಿಗೆ ಫ್ರೀಮಾರ್ಟಿನ್ ಅನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಬೇರೆ ಹೆಸರಿಲ್ಲ, ಬರೀ ಗೊಡ್ಡು ಅನ್ನುತ್ತೇವೆ. ಅದನ್ನೂ ಮೂರು ವರ್ಷ ಮೇಯಿಸಿದ ಮೇಲೆ ಅನ್ನುತ್ತೇವೆ.

ಇದು ಯಾಕೆ ಹೀಗಾಗುತ್ತದೆ?

ನಮ್ಮ ಭಾಷೆಯಲ್ಲೇ ಹೇಳ್ತೀನಿ. ಅಕ್ಕಪಕ್ಕ ಎರಡು ಹೊಲ ಇವೆ ಅಂತ ಇಟ್ಕೊಳ್ಳಿ. ಮೇಲಿನ ಹೊಲದಲ್ಲಿ ಮೆಕ್ಕೆಜೋಳ, ಕೆಳಗಿನ ಹೊಲದಲ್ಲಿ ಅವರೆ. ನಡುವೆ ಬದು ಇದೆ. ಬದು ಗಟ್ಟಿ ಇದ್ದರೆ ಅವರದು ಅವರಿಗೆ, ಇವರದು ಇವರಿಗೆ. ಬದು ಒಡೆದರೆ ಮೆಕ್ಕೆಜೋಳಕ್ಕೆ ಹೊಡೆದ ಕಳೆನಾಶಕ ಮಳೆನೀರಿನ ಜತೆ ಅವರೆ ಹೊಲಕ್ಕೆ ಇಳಿಯುತ್ತದೆ. ಮೆಕ್ಕೆಜೋಳಕ್ಕೆ ಏನೂ ಆಗೋಲ್ಲ. ಅವರೆ ಮೊಳಕೆಯಲ್ಲೇ ಮುರುಟುತ್ತದೆ.

ಹಸುವಿನ ಹೊಟ್ಟೆಯಲ್ಲಿ ಆಗುವುದೂ ಇದೇ. ಗಬ್ಬವಾದ ಸುಮಾರು 30-40 ದಿನಕ್ಕೆ ಎರಡು ಕರುಗಳ ಮಾಸು ಒಂದಕ್ಕೊಂದು ಅಂಟಿಕೊಂಡು, ರಕ್ತನಾಳಗಳು ಕೂಡಿಬಿಡುತ್ತವೆ. ಬದು ಒಡೆದ ಹಾಗೆ. ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತದೆ. ಗಂಡುಕರುವಿನ ಬೀಜ ಹೆಣ್ಣಿನ ಅಂಡಾಶಯಕ್ಕಿಂತ ಬೇಗ ಬೆಳೆದು ಕೆಲಸ ಶುರು ಮಾಡುತ್ತದೆ. ಗಂಡಿನ ದೇಹದಲ್ಲಿ ಗರ್ಭಕೋಶ ಬೆಳೆಯಬಾರದು ಅಂತ ತಡೆಯುವ ಒಂದು ಹಾರ್ಮೋನನ್ನು ಅದು ಬಿಡುತ್ತದೆ. ಗಂಡಿಗೆ ಅದು ಬೇಕಾದದ್ದೇ. ಅದೇ ಹಾರ್ಮೋನು ರಕ್ತದ ಜತೆ ಹೆಣ್ಣುಗರುವಿಗೆ ಹೋದಾಗ, ಅದರ ಗರ್ಭಕೋಶವೂ ಮೊಳಕೆಯಲ್ಲೇ ಮುರುಟುತ್ತದೆ. ಅಂಡಾಶಯ ಬೆಳೆಯೋದಿಲ್ಲ, ಕೆಲವು ಕರುಗಳಲ್ಲಿ ಅದು ಬೀಜದ ರೂಪಕ್ಕೇ ತಿರುಗಿರುತ್ತದೆ. ಹೊರಗಿಂದ ನೋಡಿದರೆ ಚಂದದ ಹೆಣ್ಣುಗರು. ಒಳಗೆ ಬಸಿರು ನಿಲ್ಲೋಕೆ ಜಾಗವೇ ಇಲ್ಲ.

ಹತ್ತರಲ್ಲಿ ಒಂದಕ್ಕೂ ಕಡಿಮೆ ಸಲ ಈ ನಾಳಗಳು ಕೂಡಿರುವುದಿಲ್ಲ. ಅಂಥ ಕಡಸು ಮಾಮೂಲಿನಂತೆ ಬೆದೆಗೆ ಬಂದು ಗಬ್ಬ ಕಟ್ಟುತ್ತದೆ. ಆ ಒಂದರ ಆಸೆಯಲ್ಲೇ ನಾವು ಉಳಿದ ಒಂಬತ್ತನ್ನೂ ಮೇಯಿಸುತ್ತೇವೆ.

ಇನ್ನು ಕೆಲವು ಅನುಮಾನಗಳನ್ನು ಈಗಲೇ ತೀರಿಸಿಬಿಡ್ತೀನಿ. ಎರಡೂ ಹೆಣ್ಣುಗರು ಆದರೆ ಈ ತೊಂದರೆ ಇಲ್ಲ, ಧೈರ್ಯವಾಗಿ ಸಾಕಿ. ಎರಡೂ ಹೋರಿ ಆದರೂ ಈ ಪ್ರಶ್ನೆ ಇಲ್ಲ. ಒಂದು ಹೋರಿ ಒಂದು ಹೆಣ್ಣು ಆದಾಗ ಹೋರಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ, ಉಳುಮೆಗೆ ಗಾಡಿಗೆ ಚೆನ್ನಾಗಿ ಬರುತ್ತದೆ. ಆದರೆ ಅಂಥವುಗಳಲ್ಲಿ ಕೆಲವಕ್ಕೆ ವೀರ್ಯದ ಗುಣ ಕಡಿಮೆ ಇರುವುದುಂಟು. ಹಾಗಾಗಿ ಊರ ಬೀಜದ ಹೋರಿಯಾಗಿ ಅದನ್ನು ಬಿಡಬೇಡಿ. ಹೋರಿಗರು ಸತ್ತು ಹುಟ್ಟಿದರೂ ಹೆಣ್ಣುಗರುವಿನ ಕತೆ ಬದಲಾಗುವುದಿಲ್ಲ, ಆಗಬೇಕಾದ್ದು ಎರಡನೇ ತಿಂಗಳಿಂದಲೇ ಆಗಿರುತ್ತದೆ. ಅಪರೂಪಕ್ಕೆ ಗಂಡುಕರು ಹೊಟ್ಟೆಯಲ್ಲೇ ಬೇಗ ಕರಗಿಹೋಗಿ, ಒಂಟಿಯಾಗಿ ಹುಟ್ಟಿದ ಹೆಣ್ಣುಗರುವೂ ಹೀಗಾಗಿರುವುದುಂಟು.

ತಾಯಂದಿರಿಗೆ ಒಂದು ಮಾತು. ಇದು ದನದ ವಿಷಯ, ಮನುಷ್ಯರದ್ದಲ್ಲ. ಮನುಷ್ಯರಲ್ಲಿ ಗಂಡು ಹೆಣ್ಣು ಅವಳಿ ಹುಟ್ಟಿದರೆ ರಕ್ತ ಹೀಗೆ ಬೆರೆತು ಗರ್ಭಕೋಶ ಮುರುಟುವುದಿಲ್ಲ. ಅವಳಿಯಲ್ಲಿ ಹುಟ್ಟಿದ ಹೆಣ್ಣುಮಗಳ ಮದುವೆ ಮಾತಿಗೆ ಯಾರಾದರೂ ಹಸುವಿನ ಕತೆ ತಂದರೆ ಅವರ ಬಾಯಿ ಮುಚ್ಚಿಸಿ.

ಕೊಟ್ಟಿಗೆಯ ಜ್ಞಾನ ಎಲ್ಲಿಗೆ ಹೋಯಿತು?

ಇದೇನು ಮೊನ್ನೆ ಮೊನ್ನೆ ಕಂಡುಹಿಡಿದ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ಜಾನ್ ಹಂಟರ್ ಅನ್ನೋ ವೈದ್ಯರು 1779ರಲ್ಲೇ ಇಂಥ ಕಡಸುಗಳನ್ನು ಕೊಯ್ದು ನೋಡಿ ಬರೆದಿದ್ದರು. ರಕ್ತ ಬೆರೆಯುವುದರಿಂದಲೇ ಹೀಗಾಗುತ್ತದೆ ಅಂತ ಅಮೆರಿಕದ ಫ್ರಾಂಕ್ ಲಿಲ್ಲಿ 1916ರಲ್ಲಿ ವಿವರಿಸಿದರು. ರೇ ಓವನ್ ಅನ್ನೋ ವಿಜ್ಞಾನಿ 1945ರಲ್ಲಿ, ಅವಳಿ ದನಗಳ ಮೈಯಲ್ಲಿ ಒಂದರ ರಕ್ತಕಣ ಇನ್ನೊಂದರಲ್ಲಿ ದೊಡ್ಡದಾದ ಮೇಲೂ ಉಳಿದಿರುತ್ತದೆ, ದೇಹ ಅದನ್ನು ಪರಕೀಯ ಅಂತ ಹೊರಗೆ ಹಾಕೋದಿಲ್ಲ ಅಂತ ತೋರಿಸಿದರು. ಆ ಸುಳಿವು ಹಿಡಿದು ಪೀಟರ್ ಮೆಡಾವರ್ ಮತ್ತು ಅವರ ಜತೆಯವರು ಕೆಲಸ ಮಾಡಿದರು. ಒಬ್ಬರ ಅಂಗವನ್ನು ಇನ್ನೊಬ್ಬರ ದೇಹ ಯಾಕೆ ಒಪ್ಪುತ್ತದೆ, ಯಾಕೆ ಒಪ್ಪುವುದಿಲ್ಲ ಅನ್ನುವ ಶಾಸ್ತ್ರ ಅದರಿಂದ ಬೆಳೆಯಿತು. 1960ರಲ್ಲಿ ಮೆಡಾವರ್ ಮತ್ತು ಬರ್ನೆಟ್ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಇವತ್ತು ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ ಕಿಡ್ನಿ ಬದಲಾಯಿಸುತ್ತಾರಲ್ಲ, ಆ ವಿದ್ಯೆಯ ಒಂದು ಬೇರು ಇದೇ ಅವಳಿ ಕರುಗಳ ಕೊಟ್ಟಿಗೆಯಲ್ಲಿದೆ. ಕೊಟ್ಟಿಗೆಯಲ್ಲಿ ಹುಟ್ಟಿದ ಜ್ಞಾನ ಆಸ್ಪತ್ರೆಗೆ ಹೋಯಿತು, ಕಾಲೇಜಿಗೆ ಹೋಯಿತು, ನೊಬೆಲ್ ಪೀಠಕ್ಕೂ ಹೋಯಿತು. ವಾಪಸ್ಸು ಕೊಟ್ಟಿಗೆಗೆ ಮಾತ್ರ ಬರಲಿಲ್ಲ. ಪರೀಕ್ಷೆಗೆ ಓದುವ ಪಶುವೈದ್ಯ ವಿದ್ಯಾರ್ಥಿಗೆಲ್ಲ ಗೊತ್ತಿರುವ ಸಂಗತಿ, ಹಸು ಕಟ್ಟಿದ ರೈತನಿಗೆ ಗೊತ್ತಿಲ್ಲ ಅಂದರೆ ಅದು ಯಾರ ಅವಮಾನ?

ನಮ್ಮ ಹಿರಿಯರಿಗೆ ಈ ಸಮಸ್ಯೆ ಅಷ್ಟಾಗಿ ಕಾಡಲಿಲ್ಲ, ಅದಕ್ಕೂ ಕಾರಣವಿದೆ. ಮಲೆನಾಡು ಗಿಡ್ಡ, ಹಳ್ಳಿಕಾರ್, ಅಮೃತಮಹಲ್ ಇಂಥ ನಾಡದನಗಳಲ್ಲಿ ಅವಳಿ ತೀರಾ ಅಪರೂಪ. ಆದರೂ ಮೇಯಿಸೋಕೆ ಗುಡ್ಡ ಇತ್ತು, ಗೋಮಾಳ ಇತ್ತು, ಕೈಯಿಂದ ಕಾಸು ಬಿಚ್ಚುವ ಹಾಗಿರಲಿಲ್ಲ. ಈಗ ನಮ್ಮ ಕೊಟ್ಟಿಗೆಯಲ್ಲಿರುವುದು ಎಚ್‌.ಎಫ್. ಮಿಶ್ರತಳಿ. ಹೋಲ್‌ಸ್ಟೀನ್ ರಕ್ತದಲ್ಲಿ ಅವಳಿ ಹೆಚ್ಚು. ಹಾಲು ಹೆಚ್ಚು ಕೊಡುವ, ಮೂರು ನಾಲ್ಕು ಸೂಲು ಕಳೆದ ಹಸುಗಳಲ್ಲಿ ಇನ್ನೂ ಹೆಚ್ಚು. ಅವಳಿಗಳಲ್ಲಿ ಸುಮಾರು ಅರ್ಧ ಪಾಲು ಒಂದು ಗಂಡು ಒಂದು ಹೆಣ್ಣೇ ಆಗಿರುತ್ತವೆ. ಗೋಮಾಳ ಹೋಯಿತು, ಹುಲ್ಲೂ ಕೊಂಡು ತರಬೇಕು. ಹೊಸ ತಳಿ ತಂದುಕೊಟ್ಟವರು ಅದರ ಹಾಲಿನ ಲೆಕ್ಕ ಹೇಳಿದರೇ ಹೊರತು ಈ ಲೆಕ್ಕ ಹೇಳಲಿಲ್ಲ.

ಲೆಕ್ಕ ಹಾಕಿ ನೋಡೋಣ

1980ರಲ್ಲಿ ಎಚ್.ಎಸ್. ರುದ್ರಪ್ಪನವರು, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊಫೆಸರ್ ನಂಜುಂಡಸ್ವಾಮಿ ಇವರೆಲ್ಲ ಸೇರಿ ರೈತ ಸಂಘ ಕಟ್ಟಿದಾಗ ನಮ್ಮ ಮೊದಲ ಮಾತೇ ಉತ್ಪಾದನಾ ವೆಚ್ಚ. ಖರ್ಚಿನ ಲೆಕ್ಕ ಬರೆಯದ ರೈತನಿಗೆ ಬೆಲೆ ಕೇಳುವ ಬಾಯಿ ಇರೋದಿಲ್ಲ. ಅದೇ ಲೆಕ್ಕವನ್ನು ಈ ಕಡಸಿಗೂ ಹಾಕೋಣ. ನಾನು ಹೇಳುವ ದರ ಬರೀ ಉದಾಹರಣೆಗೆ. ನಿಮ್ಮೂರಿನ ದರ ಹಾಕಿ ನೀವೇ ಕೂಡಿಸಿ.

ಮೊದಲ ಮೂರು ತಿಂಗಳು ದಿನಕ್ಕೆ ಎರಡೂವರೆ ಲೀಟರ್ ಹಾಲು ಕರುವಿಗೆ ಬಿಟ್ಟಿರಿ. ತೊಂಬತ್ತು ದಿನಕ್ಕೆ 225 ಲೀಟರ್. ಲೀಟರಿಗೆ 35 ರೂಪಾಯಿ ಅಂದರೆ 7,875 ರೂಪಾಯಿ. ಆಮೇಲೆ ಹದಿನೆಂಟು ತಿಂಗಳಾಗುವ ತನಕ, ಅಂದರೆ 450 ದಿನ, ದಿನಕ್ಕೆ ಒಂದೂವರೆ ಕೆ.ಜಿ. ಪಶು ಆಹಾರ ಅಂದರೆ 675 ಕೆ.ಜಿ. ಕೆ.ಜಿ.ಗೆ 25 ರೂಪಾಯಿಯಂತೆ 16,875. ಇಷ್ಟೊತ್ತಿಗೆ ಬೆದೆಗೆ ಬರಬೇಕು, ಬರೋದಿಲ್ಲ. ಇವತ್ತು ಬಂದೀತು ನಾಳೆ ಬಂದೀತು ಅಂತ ಇನ್ನೊಂದು ವರ್ಷ ಕಾಯುತ್ತೀರಿ. ದಿನಕ್ಕೆ ಎರಡು ಕೆ.ಜಿ. ಅಂದರೂ 730 ಕೆ.ಜಿ., 18,250 ರೂಪಾಯಿ. ಒಟ್ಟು 43,000 ರೂಪಾಯಿ. ಇದರಲ್ಲಿ ಹುಲ್ಲು ಸೇರಿಲ್ಲ, ಡಾಕ್ಟರ ಖರ್ಚು ಸೇರಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿದ ಹೆಣ್ಣುಮಗಳ ಕೂಲಿ ಸೇರಿಲ್ಲ. ಸಗಣಿ ಗೊಬ್ಬರಕ್ಕೆ ಬರುತ್ತದೆ ನಿಜ. ಆದರೆ ಬರೀ ಸಗಣಿಗೋಸ್ಕರ ಯಾರೂ ಪಶು ಆಹಾರ ಕೊಂಡು ಹಾಕೋದಿಲ್ಲ.

ಇದು ಮನೆಯಲ್ಲೇ ಹುಟ್ಟಿದ ಕರುವಿನ ಲೆಕ್ಕ. ದುಡ್ಡು ಕೊಟ್ಟು ಕಡಸು ತಂದವನ ಗತಿ ಇನ್ನೂ ಕಷ್ಟ. ಕೈಸಾಲ ಮಾಡಿ 40,000 ರೂಪಾಯಿಗೆ ಕಡಸು ತಂದ ಅಂತ ಇಟ್ಕೊಳ್ಳಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 800 ರೂಪಾಯಿ. ಗೊಡ್ಡು ಅಂತ ಗೊತ್ತಾಗೋಕೆ ಒಂದೂವರೆ ವರ್ಷ ಹಿಡಿದರೆ ಬಡ್ಡಿಯೇ 14,400. ಹಾಲಿನ ದುಡ್ಡಲ್ಲಿ ಸಾಲ ತೀರಿಸ್ತೀನಿ ಅಂತ ಮಾತು ಕೊಟ್ಟಿದ್ದವನು ಕೆಚ್ಚಲೇ ಇಳಿಯದ ದನದ ಮುಂದೆ ನಿಂತಿರುತ್ತಾನೆ.

ಹುಟ್ಟಿದ ತಿಂಗಳೊಳಗೆ ತಿಳಿಯಬಹುದು

ಈ ನಷ್ಟವನ್ನೆಲ್ಲ ಮೊದಲ ತಿಂಗಳಲ್ಲೇ ತಡೆಯಬಹುದು. ಮಾಮೂಲಿ ಹೆಣ್ಣುಗರುವಿನ ಯೋನಿಮಾರ್ಗ ಹುಟ್ಟಿದ ಕೆಲವು ವಾರಗಳಲ್ಲಿ ಸುಮಾರು 12ರಿಂದ 15 ಸೆಂಟಿಮೀಟರ್ ಆಳ ಇರುತ್ತದೆ. ಹೋರಿ ಜತೆ ಹುಟ್ಟಿ ಗೊಡ್ಡಾದದ್ದರಲ್ಲಿ ಅದು 5ರಿಂದ 8 ಸೆಂಟಿಮೀಟರಿಗೇ ಮುಗಿದುಹೋಗುತ್ತದೆ. ಮೊಂಡು ತುದಿಯ, ಶುದ್ಧ ಮಾಡಿದ, ಜಾರುವ ಎಣ್ಣೆ ಹಚ್ಚಿದ ಸಣ್ಣ ನಳಿಗೆಯಿಂದ ಡಾಕ್ಟರು ಎರಡು ನಿಮಿಷದಲ್ಲಿ ಅಳೆಯುತ್ತಾರೆ. ಮನೆಯಲ್ಲಿ ಕಡ್ಡಿ ಗಿಡ್ಡಿ ಹಾಕೋಕೆ ಹೋಗಬೇಡಿ. ಕರುವಿಗೆ ಗಾಯವಾಗುತ್ತದೆ, ಲೆಕ್ಕವೂ ತಪ್ಪುತ್ತದೆ.

ಹೊರಗಿನ ಗುರುತೂ ಕೆಲವು ಇವೆ. ಮೂತ್ರದ್ವಾರದ ತುದಿಯಲ್ಲಿ ಉದ್ದ ಕೂದಲಿನ ಕುಚ್ಚು, ಒಳಗಿನ ಮೊಳೆ ದಪ್ಪವಾಗಿ ಹೊರಗೆ ಚಾಚಿರುವುದು, ಮೊಲೆತೊಟ್ಟು ತೀರಾ ಸಣ್ಣಗಿರುವುದು. ಆದರೆ ಇದ್ಯಾವುದೂ ಇಲ್ಲದೆ ನೋಡೋಕೆ ಸರಿಯಾಗಿಯೇ ಇದ್ದು ಗೊಡ್ಡಾಗಿರುವ ಕಡಸುಗಳು ಬೇಕಾದಷ್ಟು. ಹಾಗಾಗಿ ಕಣ್ಣನ್ನು ನಂಬಬೇಡಿ, ಅಳತೆ ಮಾಡಿಸಿ. ಮೊದಲು ಮಾಡಿಸದೇ ಇದ್ದರೆ, ಕಡಸಿಗೆ ಹತ್ತು ಹನ್ನೆರಡು ತಿಂಗಳಾದಾಗ ಡಾಕ್ಟರು ಹಿಂದಿನಿಂದ ಕೈ ಹಾಕಿ ಗರ್ಭಕೋಶ ಇದೆಯೋ ಇಲ್ಲವೋ ಹೇಳುತ್ತಾರೆ. ಪೂರ್ತಿ ಖಾತ್ರಿ ಬೇಕು ಅಂದರೆ ರಕ್ತಪರೀಕ್ಷೆ ಇದೆ. ಹೆಣ್ಣುಗರುವಿನ ರಕ್ತದಲ್ಲಿ ಗಂಡಿನ ಕಣ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. 1962 ನಂಬರಿಗೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸೆಯ ಗಾಡಿ ಬರುತ್ತದೆ. ನಮ್ಮ ಶಿವಮೊಗ್ಗದ ವಿನೋಬನಗರದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಅದು ನಮ್ಮ ತೆರಿಗೆಯಲ್ಲಿ ನಡೆಯುವ ಕಾಲೇಜು. ಸಂಕೋಚ ಬಿಟ್ಟು ಹೋಗಿ ಕೇಳಿ.

ಒಂದು ಎಚ್ಚರಿಕೆ. ಇದನ್ನು ಕೇಳಿಕೊಂಡು ಹೋಗಿ, ಬೆದೆಗೆ ಬಾರದ ಕಡಸನ್ನೆಲ್ಲ ಗೊಡ್ಡು ಅಂತ ಮಾರಿಬಿಡಬೇಡಿ. ಒಂಟಿಯಾಗಿ ಹುಟ್ಟಿದ ಕಡಸು ಬೆದೆಗೆ ಬರಲಿಲ್ಲ ಅಂದರೆ ಬಹಳ ಸಲ ಕಾರಣ ಹೊಟ್ಟೆ. ಮೇವು ಸಾಲದೆ ತೂಕ ಬಂದಿರೋದಿಲ್ಲ, ಹೊಟ್ಟೆಯಲ್ಲಿ ಜಂತು ಇರುತ್ತದೆ, ಖನಿಜಾಂಶ ಕಡಿಮೆ ಇರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಹೋರಿ ಜತೆ ಹುಟ್ಟಿದ ಗೊಡ್ಡಿಗೆ ಮಾತ್ರ ಖನಿಜ ಮಿಶ್ರಣವಾಗಲಿ ಹಾರ್ಮೋನ್ ಇಂಜೆಕ್ಷನ್ನಾಗಲಿ ಕೊಟ್ಟು ಪ್ರಯೋಜನವಿಲ್ಲ. ಇಲ್ಲದ ಬಾವಿಗೆ ಪಂಪು ಕೂರಿಸಿದ ಹಾಗೆ.

ಹಾಗೇ ಅವಳಿ ಹೆತ್ತ ತಾಯಿಹಸುವನ್ನು ಮರೆಯಬೇಡಿ. ಅವಳಿ ಹಾಕಿದ ಹಸುವಿಗೆ ಕಸ ಬೀಳದೇ ಉಳಿಯುವುದು ಹೆಚ್ಚು, ಸೊರಗುವುದು ಹೆಚ್ಚು, ಮತ್ತೆ ಗಬ್ಬ ಕಟ್ಟುವುದು ತಡ. ಕರು ನೋಡೋಕೆ ಬಂದವರಿಗೆ ಕಾಫಿ ಕೊಡುವ ಮೊದಲು ತಾಯಿಯ ಕಸ ಬಿತ್ತೇ ನೋಡಿ, ಅದರ ಮೇವು ಹೆಚ್ಚಿಸಿ.

ಈಗ ಲಿಂಗ ಬೇರ್ಪಡಿಸಿದ ವೀರ್ಯ ಬಂದಿದೆ. ಅದರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಹೆಣ್ಣುಗರುವೇ ಹುಟ್ಟುವುದರಿಂದ, ಅವಳಿಯಾದರೂ ಎರಡೂ ಹೆಣ್ಣಾಗುವ ಸಂಭವವೇ ಹೆಚ್ಚು. ಹಿಂದೆ ಅವಳಿ ಹಾಕಿದ ಹಸುವಿಗೆ ಅದನ್ನು ಕೊಡಿಸಬಹುದೇ ಅಂತ ಡಾಕ್ಟರನ್ನು ಕೇಳಿ.

ಗೊತ್ತಾದ ಮೇಲೆ ಏನು ಮಾಡಬೇಕು?

ಇಲ್ಲಿಯವರೆಗೆ ಹೇಳಿದ್ದು ಸುಲಭದ ಮಾತು. ಕಷ್ಟದ ಮಾತು ಇನ್ನು ಮುಂದಿದೆ. ನಿಮ್ಮ ಮನೆಯ ಕಡಸು ಗೊಡ್ಡು ಅಂತ ಖಾತ್ರಿಯಾಯಿತು. ಮೈಕೈ ತುಂಬಿಕೊಂಡಿದೆ, ನೋಡಿದವರು ಒಳ್ಳೇ ಕಡಸು ಅಂತಾರೆ. ಸಂತೆಗೆ ಹೊಡೆದರೆ, ದಲ್ಲಾಳಿ ಟವಲ್ ಕೆಳಗೆ ಬೆರಳು ಹಿಡಿದು ಒಳ್ಳೇ ರೇಟಿಗೇ ಮುಗಿಸಿಕೊಡ್ತಾನೆ. ಅವಳಿ ಅನ್ನೋ ಮಾತು ಒಂದು ಎತ್ತದಿದ್ದರೆ ಸಾಕು. ನಿಮ್ಮ 43,000 ರೂಪಾಯಿ ನಿಮ್ಮ ಜೇಬಿಗೆ ವಾಪಸ್ಸು.

ಬಂಧುಗಳೇ, ಆ ದುಡ್ಡು ಯಾರದ್ದು? ಅದು ಸರ್ಕಾರದ್ದಲ್ಲ, ಸಾಹುಕಾರನದ್ದಲ್ಲ. ಇನ್ನೊಬ್ಬ ರೈತನ ಹೆಂಡತಿಯ ಕೊರಳಿನ ಸರ ಅಡವಿಟ್ಟು ತಂದ ದುಡ್ಡು ಅದು. ಮಂಡಿಯಲ್ಲಿ ತೂಕ ಮೋಸ ಮಾಡಿದರೆ ತಕ್ಕಡಿ ಹಿಡಿದು ಜಗಳ ಮಾಡ್ತೀವಿ. ಬೀಜದ ಕಂಪನಿ ಮೊಳೆಯದ ಬೀಜ ಕೊಟ್ಟರೆ ರಸ್ತೆಗೆ ಇಳಿತೀವಿ. ಮೊಳೆಯೋದಿಲ್ಲ ಅಂತ ಗೊತ್ತಿದ್ದೂ ಬೀಜ ಮಾರಿದ ಕಂಪನಿಗೂ, ಗಬ್ಬ ಕಟ್ಟೋದಿಲ್ಲ ಅಂತ ಗೊತ್ತಿದ್ದೂ ಕಡಸು ಮಾರಿದ ರೈತನಿಗೂ ಏನು ವ್ಯತ್ಯಾಸ? ನಷ್ಟ ಹುಟ್ಟಿದ ಮನೆಯಲ್ಲೇ ಹುಟ್ಟಿದ ತಿಂಗಳೇ ನಿಲ್ಲಿಸಿದರೆ ಅದು ಕೆಲವು ಸಾವಿರ. ಸಂತೆಯಿಂದ ಸಂತೆಗೆ ದಾಟಿಸಿದರೆ ಮೂರು ಮನೆ ಮುಳುಗುತ್ತದೆ.

ಹಾಗಾದರೆ ಆ ಕಡಸನ್ನು ಏನು ಮಾಡೋದು ಅಂತ ನೀವು ಕೇಳಲೇಬೇಕು. ನಮ್ಮ ರಾಜ್ಯದಲ್ಲಿ 1964ರ ಕಾಯ್ದೆಯಲ್ಲೇ ಹಸುವನ್ನು ಕಡಿಯುವಂತಿರಲಿಲ್ಲ. 2020ರ ಕಾಯ್ದೆ ಅದನ್ನು ಎತ್ತು, ಹೋರಿ ಎಲ್ಲಕ್ಕೂ ಹಬ್ಬಿಸಿ, ಮೂರರಿಂದ ಏಳು ವರ್ಷ ಜೈಲು ಇಟ್ಟು, ಸಾಗಾಟವನ್ನೂ ಬಿಗಿ ಮಾಡಿತು. ಕಡಿಯಬೇಕೋ ಬೇಡವೋ ಅನ್ನೋ ವಾದಕ್ಕೆ ನಾನು ಇಲ್ಲಿ ನಿಂತಿಲ್ಲ. ದನ ಕಟ್ಟಿ ಸಾಕಿದವನಿಗೆ ಅದರ ಮೇಲೆ ಇರುವ ಅಕ್ಕರೆಯನ್ನು ವಿಧಾನಸೌಧದಿಂದ ಕಲಿಯಬೇಕಾಗಿಲ್ಲ. ನಾನು ಕೇಳೋದು ಒಂದೇ ಪ್ರಶ್ನೆ: ಮೇವು ಯಾರು ಹಾಕ್ತಾರೆ? ಕಡಸು ಹದಿನೈದು ವರ್ಷ ಬದುಕುತ್ತದೆ. ಸಾಯುವ ತನಕ ಸಾಕು ಅಂತ ಕಾನೂನು ಮಾಡಿದ ಸರ್ಕಾರ, ಸಾಕುವ ಖರ್ಚನ್ನು ರೈತನ ತಲೆಗೇ ಕಟ್ಟಿ ಕೈ ತೊಳೆದುಕೊಂಡರೆ, ಅದನ್ನು ಗೋವಿನ ಮೇಲಿನ ಭಕ್ತಿ ಅಂತ ಯಾರು ಒಪ್ಪುತ್ತಾರೆ? ರೈತನ ಖರ್ಚಿನಲ್ಲಿ ಪುಣ್ಯ ಕಟ್ಟಿಕೊಳ್ಳುವ ದಾರಿ ಅದು.

ನಮ್ಮ ಹಕ್ಕೊತ್ತಾಯಗಳು

ಒಂದು, ದನದ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕಿ ಕಂಪ್ಯೂಟರಿಗೆ ಏರಿಸ್ತಾರಲ್ಲ, ಆ ದಾಖಲೆಯಲ್ಲಿ ಕರು ಅವಳಿಯೋ ಒಂಟಿಯೋ, ಜತೆಯದು ಗಂಡೋ ಹೆಣ್ಣೋ ಅಂತ ಬರೆಯಲೇಬೇಕು. ಹಾಲಿನ ಡೇರಿಯ ಪುಸ್ತಕದಲ್ಲೂ ಬರೆಯಬೇಕು. ಬರೆಯೋಕೆ ಜಾಗ ಇಲ್ಲ ಅಂದರೆ ಜಾಗ ಮಾಡಿ ಅನ್ನೋಣ.

ಎರಡು, ಹೋರಿ ಜತೆ ಹುಟ್ಟಿದ ಪ್ರತಿ ಹೆಣ್ಣುಗರುವಿಗೂ ತಿಂಗಳೊಳಗೆ ಪುಕ್ಕಟೆ ಪರೀಕ್ಷೆ ಆಗಬೇಕು. ಗೊಡ್ಡು ಅಂತ ಖಾತ್ರಿಯಾದರೆ ಡಾಕ್ಟರು ಬರೆದುಕೊಡಬೇಕು.

ಮೂರು, ಸಾಲ ಅಥವಾ ಸಹಾಯಧನದಲ್ಲಿ ಕೊಡಿಸುವ ಪ್ರತಿ ಕಡಸಿಗೂ ಗರ್ಭಕೋಶ ಸರಿ ಇದೆ ಅಂತ ವೈದ್ಯರ ಪತ್ರ ಇರಬೇಕು. ಪತ್ರವಿಲ್ಲದೆ ಕೊಡಿಸಿದ ಕಡಸು ಗೊಡ್ಡಾದರೆ ಆ ಸಾಲ ರೈತನ ಮೇಲೆ ನಿಲ್ಲಬಾರದು.

ನಾಲ್ಕು, ವೈದ್ಯರು ಗೊಡ್ಡು ಅಂತ ಬರೆದುಕೊಟ್ಟ ಕಡಸನ್ನು ಗೋಶಾಲೆ ಮರುಮಾತಿಲ್ಲದೆ ಇಳಿಸಿಕೊಳ್ಳಬೇಕು, ಇಲ್ಲವೇ ಸಾಕುವ ರೈತನಿಗೆ ಮೇವಿನ ಖರ್ಚು ಕೊಡಬೇಕು.

ಇವು ಸರ್ಕಾರವನ್ನು ಕೇಳುವ ಮಾತು. ನಮ್ಮನ್ನು ನಾವು ಕೇಳಿಕೊಳ್ಳುವ ಮಾತು ಎರಡೇ. ಕಡಸು ಕೊಳ್ಳುವಾಗ "ಇದು ಅವಳಿಯೇ? ಜತೆಯದು ಏನು?" ಅಂತ ಬಾಯಿಬಿಟ್ಟು ಕೇಳೋಣ, ಚೀಟಿಯಲ್ಲಿ ಬರೆಸಿಕೊಳ್ಳೋಣ. ಮಾರುವಾಗ ಯಾರೂ ಕೇಳದಿದ್ದರೂ ಹೇಳೋಣ. ವಿಮೆ ಮಾಡಿಸಿದವರು ಸತ್ತರೆ ಎಷ್ಟು ಬರುತ್ತದೆ ಅನ್ನೋದರ ಜತೆಗೆ, ಗೊಡ್ಡಾದರೆ ಏನಾದರೂ ಬರುತ್ತದೆಯೇ ಅಂತಲೂ ಪಾಲಿಸಿ ಓದಿಸಿ ತಿಳಿದುಕೊಳ್ಳಿ.

ಸಾಲಗಾರ ರೈತನಲ್ಲ, ಬಾಕಿದಾರ ಸರ್ಕಾರವೇ ಅಂತ ನಾವು ಊರೂರಲ್ಲಿ ಹೇಳಿಕೊಂಡು ಬಂದವರು. ಹಾಗೆ ಹೇಳುವವನ ಕೈ ಚೊಕ್ಕಟ ಇರಬೇಕು, ಲೆಕ್ಕ ನೇರ ಇರಬೇಕು. ನಾಳೆ ನಿಮ್ಮೂರ ಡೇರಿಗೆ ಹಾಲು ಹಾಕೋಕೆ ಹೋದಾಗ ಒಂದು ಕೆಲಸ ಮಾಡಿ. ಈ ಎರಡು ವರ್ಷದಲ್ಲಿ ಯಾರ ಮನೆಯ ಹಸು ಹೋರಿ ಹೆಣ್ಣು ಅವಳಿ ಹಾಕಿದೆ ಅಂತ ಕೇಳಿ ಒಂದು ಪಟ್ಟಿ ಮಾಡಿ. ಆ ಪಟ್ಟಿ ಹಿಡಿದು ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ. ಮುಂದಿನ ತಿಂಗಳ ಸಭೆಗೆ ಬರುವಾಗ ಪಟ್ಟಿ ತನ್ನಿ. ಹಕ್ಕೊತ್ತಾಯದ ಮನವಿಗೆ ಅದನ್ನೇ ಲಗತ್ತಿಸಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ.